ಉಮಾಶಂಕರರ ಹತ್ತನೆಯ ಎಕ್ಸಿಕ್ಯೂಟರ್

ಎರಡು ವರ್ಷದ ವರ್ಕ್ ಪರ್ಮಿಟ್ ಹಿಡಿದು ನೈರೋಬಿಗೆ ಬರುವ ನಮ್ಮ ಕಡೆಯ ಒಂಟಿ ಗಂಡಸರಲ್ಲಿ ಒಂದು ಪದ್ಧತಿ ಇದೆ. ಪರ್ಮಿಟ್ ಮುಗಿದು ಊರಿಗೆ ಹೊರಟವನು ಹೊಸದಾಗಿ ಬಂದವನಿಗೆ ತನ್ನ ಸಂಸಾರವನ್ನೆಲ್ಲ ವಹಿಸಿಕೊಟ್ಟು ಹೋಗುತ್ತಾನೆ. 2005ರ ಮೇ ತಿಂಗಳಲ್ಲಿ ಲಕ್ಷ್ಮೀಕಾಂತ ನನಗೆ ವಹಿಸಿಕೊಟ್ಟದ್ದು ಒಂದು ಪ್ರೆಷರ್ ಕುಕ್ಕರು, ನಡುವೆ ಗುಂಡಿ ಬಿದ್ದ ಹಾಸಿಗೆ, ಅರ್ಧ ಗ್ಯಾಸ್ ಇದ್ದ ಸಿಲಿಂಡರು ಮತ್ತು ಉಮಾಶಂಕರ ಅವರ ಉಯಿಲು.

"ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸ್ಕೊ," ಅಂದ. "ಉಮಾಶಂಕರ್ ಸಾರ್ ವಿಲ್‌ಗೆ ಇನ್ಮೇಲೆ ನೀನೇ ಎಕ್ಸಿಕ್ಯೂಟರ್. ಭಾನುವಾರ ಹೋಗಿ ಸಹಿ ಮಾಡಿ ಬರೋಣ. ಊಟ ಚೆನ್ನಾಗಿರತ್ತೆ."

ಎಕ್ಸಿಕ್ಯೂಟರ್ ಎಂದರೆ ಸತ್ತವರು ಬರೆದಿಟ್ಟದ್ದನ್ನು ಬರೆದಂತೆಯೇ ನಡೆಸಿಕೊಡುವವನು ಎಂದು ನನಗೆ ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ನನಗೆ ಕೇಳಿಸಿದ್ದು ಒಂದು ಹುದ್ದೆ. ಇಂಡಸ್ಟ್ರಿಯಲ್ ಏರಿಯಾದ ಕೆಮ್ಮಿನ ಸಿರಪ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಕಂಟ್ರೋಲ್ ಕೆಮಿಸ್ಟ್. ಹೆಸರು ದೊಡ್ಡದು, ಕೆಲಸವೆಂದರೆ ಬಾಟಲಿಯನ್ನು ತಲೆಕೆಳಗು ಹಿಡಿದು ಮುಚ್ಚಳ ಸೋರುತ್ತದೆಯೇ ಎಂದು ನೋಡುವುದು. ಅಂಥವನಿಗೆ ಒಬ್ಬ ಮನುಷ್ಯ ತನ್ನ ಸಾವನ್ನೇ ಒಪ್ಪಿಸುತ್ತಾನೆ ಎಂದರೆ ತಲೆ ತಿರುಗದೆ ಇರುತ್ತದೆಯೇ? ಅಂದು ಸಂಜೆಯೇ ತುಮಕೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅದಕ್ಕೆ ಸಂಬಳ ಎಷ್ಟು ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಊಟ ಮಾಡಿಕೊಂಡು ಬಂದುಬಿಡು ಎಂದಳು. ನಾನು ಮರುದಿನ ಅಂಗಡಿಗೆ ಹೋಗಿ ಚರ್ಮದಂತೆ ಕಾಣುವ ಒಂದು ಫೈಲು ಕೊಂಡುಕೊಂಡೆ.

ಉಮಾಶಂಕರ ಅವರು ಊರಂಚಿನ ಲೊರೆಶೋ ಬಡಾವಣೆಯಲ್ಲಿ ಒಂದು ಹಳೆಯ ಹೆಂಚಿನ ಮನೆಯಲ್ಲಿದ್ದರು. ಚಿತ್ರದುರ್ಗದವರು. 1974ರಲ್ಲಿ ಇಲ್ಲಿನ ಒಂದು ಫೋಮ್ ಹಾಸಿಗೆ ಕಾರ್ಖಾನೆಗೆ ಮೇಂಟೆನೆನ್ಸ್ ಎಂಜಿನಿಯರ್ ಆಗಿ ಬಂದು, ಇಲ್ಲಿನ ಪೌರತ್ವ ಪಡೆದು, ನಿವೃತ್ತರಾಗಿ, ಆದರೂ ಪ್ರತಿ ಭಾನುವಾರ ನೀಲಿ ಬಾಯ್ಲರ್ ಸೂಟ್ ತೊಟ್ಟು ತಮ್ಮ ಗೇಟಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದರು. ಮನೆಯ ಪ್ರತಿ ಬಲ್ಬಿನ ಬುಡದಲ್ಲೂ ಅದನ್ನು ಹಾಕಿದ ತಾರೀಖು ಇರುತ್ತಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಮೈಥಿಲಿಯವರು 1988ರಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದ ಇನ್ನೊಬ್ಬರು ಅಡುಗೆಯ ವಂಬುಯಿ. ಐವತ್ತು ದಾಟಿದ ಹೆಂಗಸು. ಇಪ್ಪತ್ತನಾಲ್ಕು ವರ್ಷದಿಂದ ಅಲ್ಲೇ ಇದ್ದವಳು, ಹಿತ್ತಲಿನ ಎರಡು ಕೋಣೆಯ ಮನೆಯಲ್ಲಿ ವಾಸ. ಅವಳಿಗೆ ಕನ್ನಡ ಕಲಿಸಿದವರು ಮೈಥಿಲಿಯವರು. ಹಾಗಾಗಿ ಅವಳ ಕನ್ನಡ ಅಡುಗೆಮನೆಯಿಂದ ಆಚೆ ಬಂದಿರಲಿಲ್ಲ, ಆದರೆ ಅದರಲ್ಲಿ ಗದರುವ ಧಾಟಿ ಮಾತ್ರ ಪೂರ್ತಿಯಾಗಿ ಬಂದಿತ್ತು. ಮೊದಲ ದಿನ ಬಾಗಿಲಲ್ಲೇ ನನ್ನನ್ನು ತಡೆದು, "ಕಾಲು ಒರೆಸ್ಕೊಂಡು ಬನ್ನಿ," ಅಂದಳು.

ಉಯಿಲು ಇದ್ದದ್ದೇ ಈ ವಂಬುಯಿಗಾಗಿ. ಮುಂದಿನ ಮನೆ ಚಿತ್ರದುರ್ಗದಲ್ಲಿದ್ದ ಅಣ್ಣನ ಮಗ ಸದಾಶಿವನಿಗೆ. ಹಿತ್ತಲಿನ ಎರಡು ಕೋಣೆ ಮತ್ತು ಅದರ ಮುಂದಿನ ಸೊಪ್ಪಿನ ಪಾತಿ ವಂಬುಯಿಗೆ, ಅವಳು ಬದುಕಿರುವ ತನಕ. ಸದಾಶಿವ ಕೆಟ್ಟವನೇನಲ್ಲ. ಆದರೆ ಪ್ರತಿ ಯುಗಾದಿಗೆ ಬರೆಯುವ ಕಾಗದದಲ್ಲಿ ಚಿಕ್ಕಪ್ಪನ ಆರೋಗ್ಯ ವಿಚಾರಿಸಿ, ಮರುಸಾಲಿನಲ್ಲೇ ಜಾಗವನ್ನು ಪೂರ್ತಿ ಖಾಲಿ ಮಾಡಿ ಮಾರಿದರೆ ಎಷ್ಟು ಬರಬಹುದು ಎಂದು ಕೇಳುತ್ತಿದ್ದ. ಆ 'ಪೂರ್ತಿ ಖಾಲಿ' ಎಂಬಲ್ಲಿ ವಂಬುಯಿ ಇದ್ದಳು. ಅವಳಿಗೆ ಬೇರೆ ಮನೆ ಇರಲಿಲ್ಲ.

ಇದಿಷ್ಟು ಸರಳ. ಸಮಸ್ಯೆ ಇದ್ದದ್ದು ಉಮಾಶಂಕರ ಅವರು ಎಂಜಿನಿಯರ್ ಆಗಿದ್ದರಲ್ಲಿ. ವಕೀಲರ ಬಗ್ಗೆ ಅವರ ಅಭಿಪ್ರಾಯ, ಯಂತ್ರ ಕೆಟ್ಟ ಮೇಲೆ ಬಂದು ಕೆಟ್ಟಿದೆ ಎಂದು ಹೇಳಿ ಹೋಗುವ ಕನ್ಸಲ್ಟೆಂಟುಗಳು ಎಂದು. ಹಾಗಾಗಿ ಉಯಿಲನ್ನು ಅವರೇ ಬರೆದಿದ್ದರು, ಎಂಜಿನಿಯರಿಂಗ್ ಡ್ರಾಯಿಂಗ್ ಬರೆಯುವಂತೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ. ಅದರಲ್ಲಿ ತಿದ್ದುಪಡಿಯ ಅಕ್ಷರ, ತಾರೀಖು, ಕಾರಣ. ಉಯಿಲಿನಲ್ಲಿ ಮತ್ತೇನೂ ಬದಲಾಗುತ್ತಿರಲಿಲ್ಲ, ಎಕ್ಸಿಕ್ಯೂಟರ್ ಮಾತ್ರ. ಆ ಹುದ್ದೆಗೆ ಅವರದು ಎರಡೇ ಅರ್ಹತೆ: ನೈರೋಬಿಯಲ್ಲಿ ಇರಬೇಕು, ಕನ್ನಡ ಬರಬೇಕು. ಸತ್ತ ಮೇಲೂ ಇಂಗ್ಲಿಷಿನಲ್ಲಿ ವ್ಯವಹರಿಸಲು ತಮಗೆ ಮನಸ್ಸಿಲ್ಲ ಎನ್ನುತ್ತಿದ್ದರು. ನೈರೋಬಿಯಲ್ಲಿ ಅವರಿಗೆ ಸಿಕ್ಕ ಕನ್ನಡದವರೆಲ್ಲ ಎರಡು ವರ್ಷದ ಪರ್ಮಿಟ್‌ನವರು. ಪರಿಣಾಮವಾಗಿ ತಿದ್ದುಪಡಿ ಎ, ಬಿ, ಸಿ, ಹೀಗೆ ಎಚ್ ವರೆಗೆ ಎಂಟು ಹಾಳೆ ಸೇರಿದ್ದವು. ಎಂಟಕ್ಕೂ ಕಾರಣ ಒಂದೇ: 'ಪರ್ಮಿಟ್ ಮುಗಿದದ್ದು.'

ಎಚ್ ಎಂದರೆ ಲಕ್ಷ್ಮೀಕಾಂತ. ನಾನು ಐ ಆಗಬೇಕಿತ್ತು. ಆದರೆ ಡ್ರಾಯಿಂಗಿನಲ್ಲಿ ಐ ಅಕ್ಷರ ಒಂದು ಎಂಬ ಅಂಕಿಯಂತೆ ಕಾಣುವುದರಿಂದ ಅದನ್ನು ಬಿಟ್ಟುಬಿಡುತ್ತಾರಂತೆ. ಹೀಗೆ ನಾನು ಜೆ ಆದೆ. ಮೂಲ ಉಯಿಲಿನಲ್ಲಿದ್ದ ಮೊದಲನೆಯವನನ್ನೂ ಸೇರಿಸಿದರೆ ಹತ್ತನೆಯವನು. ನನ್ನ ಹೆಸರು ಕೇಳುವ ಮೊದಲೇ ಅವರು ಪಾಸ್‌ಪೋರ್ಟ್ ಕೇಳಿ, ಪರ್ಮಿಟ್ ಮುಗಿಯುವ ತಾರೀಖನ್ನು ಬರೆದುಕೊಂಡರು. ಆಮೇಲೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಎರಡು ವರ್ಷದಲ್ಲಿ ನನ್ನ ಕೈಲಾಗತ್ತೋ ಇಲ್ವೋ," ಅಂದರು, ನನಗೆ ಸಮಾಧಾನ ಹೇಳುವವರಂತೆ.

ಸಹಿಯ ಶಾಸ್ತ್ರ ಊಟದ ಮೇಜಿನ ಮೇಲೆ ನಡೆಯಿತು. ಇಬ್ಬರು ಸಾಕ್ಷಿಗಳು ಬೇಕು. ಒಂದು ಸಹಿ ಹೊರಡುವವನದು, ಎಂದರೆ ಲಕ್ಷ್ಮೀಕಾಂತನದು. ಇನ್ನೊಂದಕ್ಕೆ ವಂಬುಯಿಯನ್ನು ಕರೆದರು. ಅವಳು ಕೈ ಒರೆಸಿಕೊಂಡು ಬಂದು, ಒಂದೊಂದೇ ಅಕ್ಷರವನ್ನು ಪೂರ್ತಿ ದುಂಡಗೆ ಬರೆದು, ಹಿಂದಿನ ಹಾಳೆಗಳಲ್ಲಿ ಇದ್ದಂತೆಯೇ ಇದೆಯೇ ಎಂದು ಒಮ್ಮೆ ಹೋಲಿಸಿ ನೋಡಿದಳು. ಹತ್ತು ಸಹಿಗಳೂ ಒಂದೇ ಅಚ್ಚು. ನನಗೆ ಅವಳ ಮೇಲೆ ಗೌರವ ಬಂತು. ನನ್ನ ಸಹಿ ಬ್ಯಾಂಕಿನವರೇ ಎರಡು ಸಲ ವಾಪಸು ಕಳಿಸಿದ್ದರು.

ಮುಂದಿನ ಭಾನುವಾರ ಟ್ರಯಲ್ ರನ್. ಹೊಸ ಯಂತ್ರ ಕೂಡಿಸಿದ ಮೇಲೆ ಓಡಿಸಿ ನೋಡದೆ ಬಿಡುವುದುಂಟೇ? ಉಮಾಶಂಕರ ಅವರು ಸೋಫಾದ ಮೇಲೆ ಕಾಲು ಚಾಚಿ ಮಲಗಿ, ಎದೆಯ ಮೇಲೆ ಸ್ಟಾಪ್‌ವಾಚ್ ಇಟ್ಟುಕೊಂಡು, ಮುಖದ ಮೇಲೆ ಪತ್ರಿಕೆ ಹರಡಿಕೊಂಡು, "ಹೂಂ, ಸತ್ತೆ," ಅಂದರು. ನಾನು ಕೈಯಲ್ಲಿ ಹನ್ನೆರಡು ಹೆಜ್ಜೆಗಳ ಪಟ್ಟಿ ಹಿಡಿದು ಓಡಾಡತೊಡಗಿದೆ. ಡಾಕ್ಟರಿಗೆ ಫೋನು, ಅಂದರೆ ಡಾಕ್ಟರಿಗೆ ಫೋನ್ ಮಾಡಿದಂತೆ ನಟನೆ. ಸ್ಟೀಲ್ ಬೀರುವಿನ ಕೀಲಿ. ಬೀರುವಿನೊಳಗಿನ ಫೈಲು. ನಾನು ಕೀಲಿಯನ್ನು ತಿರುವುಮುರುವಾಗಿ ಹಾಕಿ ಎಳೆದಾಡುತ್ತಿದ್ದಾಗ ಪತ್ರಿಕೆಯ ಕೆಳಗಿನಿಂದ ಸತ್ತವರ ದನಿ ಬಂತು: "ಎಡಕ್ಕೆ, ಎಡಕ್ಕೆ." ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದು ಕಮಟು ಹೊಡೆಯಿತು. ಹಾಲು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಅದರ ಕಡೆ ತಿರುಗಲಿಲ್ಲ.

ಆರನೆಯ ಹೆಜ್ಜೆ ಮುಖ್ಯವಾದದ್ದು. ಮೊಳೆಗೆ ತೂಗುಹಾಕಿದ್ದ, ಕೆಂಪು ದಾರ ಕಟ್ಟಿದ ಕೀಲಿಯನ್ನು ತೆಗೆದು ವಂಬುಯಿಯ ಕೈಗೆ ಕೊಡುವುದು. ಹಿತ್ತಲು ಮನೆಯ ಮೂಲ ಕೀಲಿ ಅದು. ಅವಳ ಹತ್ತಿರ ಇದ್ದದ್ದು ಅದರ ನಕಲು. ಕೊಟ್ಟೆ. ಅವಳು ಎರಡೂ ಕೈ ಒರೆಸಿಕೊಂಡು ತೆಗೆದುಕೊಂಡು, "ಅಸಾಂಟೆ," ಎಂದು ಥ್ಯಾಂಕ್ಸ್ ಹೇಳಿ, ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು, ಆಮೇಲೆ ತಾನೇ ಹೋಗಿ ಮೊಳೆಗೆ ಸಿಕ್ಕಿಸಿದಳು. ನನಗಿಂತ ಮೊದಲೂ ಒಂಬತ್ತು ಜನ ಅವಳಿಗೆ ಆ ಕೀಲಿ ಕೊಟ್ಟಿದ್ದರು.

ನನಗೆ ನಲವತ್ತೇಳು ನಿಮಿಷ ಹಿಡಿಯಿತು. ಉಮಾಶಂಕರ ಅವರು ಎದ್ದು ಕೂತು, ಲಕ್ಷ್ಮೀಕಾಂತ ಮೂವತ್ತೊಂದರಲ್ಲಿ ಮುಗಿಸಿದ್ದ ಎಂದು ಬರೆದುಕೊಂಡರು.

ಆಮೇಲಿನ ಎರಡು ವರ್ಷ ನಾನು ಪ್ರತಿ ಭಾನುವಾರ ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನುಗಳನ್ನು ಎರಡು ಸಲ ಬದಲಿಸಿ ಲೊರೆಶೋಗೆ ಹೋಗಿ ಬಂದೆ. ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ, ಅದರಲ್ಲಿ ಏನೂ ಇಲ್ಲದಿದ್ದರೂ. ಒಂದು ಮಾತನ್ನು ನಾಚಿಕೆ ಬಿಟ್ಟು ಹೇಳಬೇಕು. ಉಮಾಶಂಕರ ಅವರು ಕೆಮ್ಮಿದರೆ ನನಗೆ ಗಾಬರಿಯಾಗುತ್ತಿತ್ತು, ನಿಜ. ಆದರೆ ಅದರ ಹಿಂದೆಯೇ, ಇಂಥ ದೊಡ್ಡ ಹುದ್ದೆಗೆ ಬಂದು ಒಂದು ದಿನವೂ ಕೆಲಸ ಮಾಡದೆ ಹೋಗುತ್ತೇನಲ್ಲ ಎಂಬ ಸಣ್ಣ ಬೇಸರವೂ ಇಣುಕುತ್ತಿತ್ತು. ಅದು ಅವರಿಗೆ ತಿಳಿಯುತ್ತಿತ್ತು ಅಂತ ಕಾಣುತ್ತದೆ. ಕೆಮ್ಮು ನಿಂತ ಮೇಲೆ ನನ್ನ ಕಡೆ ನೋಡಿ, "ಕ್ಷಮಿಸಪ್ಪ," ಅನ್ನುತ್ತಿದ್ದರು. ನಾನು ಕಾರ್ಖಾನೆಯಿಂದ ತಂದ ಸಿರಪ್ ಕೊಡುತ್ತಿದ್ದೆ. ಅವರು ಕುಡಿಯುತ್ತಿರಲಿಲ್ಲ. ಮುಚ್ಚಳ ಪರೀಕ್ಷಿಸಿದವನ ಮುಖ ನೋಡಿದ ಮೇಲೆ ಕುಡಿಯಲು ಧೈರ್ಯ ಬರುವುದಿಲ್ಲ ಎನ್ನುತ್ತಿದ್ದರು.

2007ರ ಮಾರ್ಚಿನಲ್ಲಿ ಕಾರ್ಖಾನೆಯವರು ನನ್ನ ಪರ್ಮಿಟ್ ಮುಂದುವರಿಸುವುದಿಲ್ಲ ಎಂದರು. ನನ್ನ ಕೆಲಸಕ್ಕೆ ಇಲ್ಲಿಯದೇ ಯೂನಿವರ್ಸಿಟಿಯಲ್ಲಿ ಕಲಿತ ಒಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದರು. ಅವಳು ಮೊದಲ ವಾರದಲ್ಲೇ ಮುಚ್ಚಳ ಸೋರದಂತೆ ಮಾಡಿ, ಮುಚ್ಚಳ ನೋಡುವ ಕೆಲಸವನ್ನೇ ಇಲ್ಲವಾಗಿಸಿದಳು. ನನಗೆ ದುಃಖವಾಗಬೇಕಿತ್ತು, ಆದದ್ದು ಉಮಾಶಂಕರರಿಗೆ ಹೇಗೆ ಹೇಳುವುದು ಎಂಬ ಚಿಂತೆ.

ಹೇಳಿದಾಗ ಅವರು ಒಂದು ಹೊಸ ಹಾಳೆ ತೆಗೆದು, ಮೂಲೆಯ ಚೌಕದಲ್ಲಿ 'ಕೆ' ಎಂದು ಬರೆದು, ಕಾರಣದ ಜಾಗದಲ್ಲಿ ಪರ್ಮಿಟ್ ಎಂದು ತುಂಬಿ, ಹೆಸರಿನ ಜಾಗ ಖಾಲಿ ಬಿಟ್ಟರು. ಆ ಜಾಗ ಖಾಲಿಯೇ ಉಳಿಯಿತು. ಯುಗಾದಿ ಊಟಕ್ಕೆ ಸೇರಿದ್ದ ಕಡೆ ಅವರು ನೋಟ್‌ಬುಕ್ ಹಿಡಿದು ಸಾಲಾಗಿ ಎಲ್ಲರ ಪರ್ಮಿಟ್ ವಿಚಾರಿಸಿದಾಗ ಒಬ್ಬನದು ನಾಲ್ಕು ತಿಂಗಳಲ್ಲಿ ಮುಗಿಯುವುದಿತ್ತು, ಇನ್ನೊಬ್ಬರು ಕೆನಡಾಕ್ಕೆ ಅರ್ಜಿ ಹಾಕಿದ್ದರು, ಮತ್ತೊಬ್ಬ ಒಬ್ಬಟ್ಟಿನ ತಟ್ಟೆ ಸಮೇತ ಹಿಂಬಾಗಿಲಿನಿಂದ ಹೊರಟುಹೋದ. ಕಡೆಗೆ ಅವರು ನನಗೆ ಒಂದು ಕೆಲಸ ಒಪ್ಪಿಸಿದರು. ನಮ್ಮವರ ಪರ್ಮಿಟ್ ಕಾಗದಗಳನ್ನೆಲ್ಲ ನೋಡಿಕೊಳ್ಳುವ ವಕೀಲರು ವಿನಿಫ್ರೆಡ್. ನನ್ನ ಕಾಗದ ತರಲು ಹೇಗೂ ಹೋಗಬೇಕು. ಹೋದಾಗ ಯಾರ ಪರ್ಮಿಟ್ ಅತಿ ಉದ್ದ ಇದೆ ಎಂದು ಕೇಳಿಕೊಂಡು ಬರಬೇಕು.

ವಿನಿಫ್ರೆಡ್ ಅವರ ಅಜ್ಜ ಮಂಗಳೂರಿನಿಂದ ಬಂದವರು. ಇವರು ಹುಟ್ಟಿದ್ದು ನೈರೋಬಿಯಲ್ಲೇ. ಮನೆಯಲ್ಲಿ ಕೊಂಕಣಿ, ಕೋರ್ಟಿನಲ್ಲಿ ಇಂಗ್ಲಿಷ್, ನಮ್ಮಂಥ ಕಕ್ಷಿದಾರರ ಜೊತೆ ಅಮ್ಮನಿಂದ ಕಲಿತ ಮಂಗಳೂರು ಕನ್ನಡ. ನಾನು ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಆ ಫೈಲು ಒಮ್ಮೆ ತನ್ನಿ ಎಂದರು. ಕಡೆಗೂ ನನ್ನ ಚರ್ಮದಂಥ ಫೈಲಿಗೆ ಒಂದು ಉಪಯೋಗ ಬಂತು.

ಅವರು ಮೂಲ ಉಯಿಲನ್ನು ಓದಿದರು. ತಿದ್ದುಪಡಿಗಳನ್ನು ಒಂದೊಂದಾಗಿ ಓದಿದರು. ಮೂಲೆಯ ಚೌಕ ನೋಡಿ ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ಈ ವಂಬುಯಿ ಯಾರು?"

ಹಿತ್ತಲು ಮನೆ ಯಾರಿಗೋ ಅವಳೇ ಎಂದೆ.

"ಸಾಕ್ಷಿ ಹಾಕಿದ್ದೂ ಅವಳೇ? ಹತ್ತು ಸಲವೂ?"

ಹೌದು ಎಂದು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದರೆ, ಮುಂದೆ ಅದನ್ನು ಯಾರು ಓಡಿಸುತ್ತಾರೋ ಆ ಆಪರೇಟರೇ ಸಾಕ್ಷಿಯಾಗಿ ಸಹಿ ಹಾಕಬೇಕು. ಮನೆ ಅವಳಿಗೆ, ಆದ್ದರಿಂದ ಸಹಿಯೂ ಅವಳದು. ಉಮಾಶಂಕರ ಸಾರ್ ಅದರಲ್ಲಿ ಬಹಳ ಕಟ್ಟುನಿಟ್ಟು.

"ಎಂತ ಮಾರಾಯ ನೀವು," ಅಂದರು ವಿನಿಫ್ರೆಡ್. "ಉಯಿಲಿನಲ್ಲಿ ಯಾರಿಗೆ ಕೊಟ್ಟಿದೆಯೋ ಅವರೇ ಸಾಕ್ಷಿ ಹಾಕಿದರೆ, ಅವರಿಗೆ ಕೊಟ್ಟದ್ದು ರದ್ದು. ಬೇರೆ ಇಬ್ಬರು ಸಾಕ್ಷಿ ಇದ್ದರೆ ಸರಿ. ಇಲ್ಲಿ ಬೇರೆಯವರು ಒಬ್ಬರೇ. ಅವಳಿಗೆ ಇದರಲ್ಲಿ ಎಂತದ್ದೂ ಇಲ್ಲ."

ನಾನು ಎರಡು ವರ್ಷ ಕಂಕುಳಲ್ಲಿ ಹೊತ್ತು ತಿರುಗಿದ ಹುದ್ದೆ ಅದು. ಒಂದು ವೇಳೆ ಉಮಾಶಂಕರ ಅವರು ನನ್ನ ಅವಧಿಯಲ್ಲೇ ತೀರಿಕೊಂಡಿದ್ದರೆ, ನಾನು ನಲವತ್ತೇಳು ನಿಮಿಷದಲ್ಲಿ ಹನ್ನೆರಡು ಹೆಜ್ಜೆಯನ್ನೂ ತಪ್ಪದೆ ಮುಗಿಸಿ ಆ ಹೆಂಗಸನ್ನು ಬೀದಿಗೆ ಹಾಕುತ್ತಿದ್ದೆ. ಲಕ್ಷ್ಮೀಕಾಂತನಾದರೆ ಮೂವತ್ತೊಂದರಲ್ಲಿ.

ವಿನಿಫ್ರೆಡ್ ಅಂದೇ ಕಾರು ತೆಗೆದರು. ಲೊರೆಶೋದಲ್ಲಿ ಉಮಾಶಂಕರ ಅವರು ಮೊದಲು ವಾದ ಮಾಡಿದರು. ಆಪರೇಟರ್ ಸಹಿ ಇಲ್ಲದ ಯಂತ್ರವನ್ನು ತಾವು ಜೀವಮಾನದಲ್ಲಿ ಓಡಿಸಿಲ್ಲ ಎಂದರು. ಕಾನೂನು ಬರೆದವನು ಕಾರ್ಖಾನೆ ಕಂಡವನಲ್ಲ ಎಂದರು. ವಿನಿಫ್ರೆಡ್ ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸರಿ ಮಾರಾಯ್ರೆ. ನೀವು ಸತ್ತ ಮೇಲೆ ಸದಾಶಿವನ ವಕೀಲ ಕಾರ್ಖಾನೆಗೆ ಬರುವುದಿಲ್ಲ, ಕೋರ್ಟಿಗೆ ಬರುತ್ತಾನೆ," ಅಂದರು.

ಉಮಾಶಂಕರ ಅವರು ಹತ್ತು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ, ಹತ್ತು ದುಂಡು ಸಹಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ಬಾಯ್ಲರ್ ಸೂಟಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು, ಮತ್ತೆ ತೆಗೆದರು. ವಂಬುಯಿಯನ್ನು ಕರೆದು ಕುರ್ಚಿಯ ಮೇಲೆ ಕೂರಲು ಹೇಳಿದರು. ಅವಳು ಆ ಮನೆಯಲ್ಲಿ ಆ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ.

"ನನ್ನ ಡ್ರಾಯಿಂಗೇ ತಪ್ಪು, ವಂಬುಯಿ," ಅಂದರು. "ಹತ್ತೊಂಬತ್ತು ವರ್ಷದಿಂದ ತಪ್ಪು."

ವಿನಿಫ್ರೆಡ್ ಸ್ವಾಹಿಲಿಯಲ್ಲಿ ಬಿಡಿಸಿ ಹೇಳಿದರು. ವಂಬುಯಿ ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಯ ಮೊಳೆಯ ಕಡೆ ನೋಡಿ, ಆ ಕೀಲಿ ಏನು ಹಾಗಾದರೆ ಎಂದಷ್ಟೇ ಕೇಳಿದಳು. ಅವಳು ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಹಳೆಯದನ್ನೆಲ್ಲ ರದ್ದು ಮಾಡಿ ಹೊಸ ಉಯಿಲು ಬರೆಯುವುದು ಎಂದು ತೀರ್ಮಾನವಾಯಿತು. ಎಕ್ಸಿಕ್ಯೂಟರ್ ಯಾರು ಎಂಬಲ್ಲಿಗೆ ಬಂದಾಗ ಉಮಾಶಂಕರ ಅವರು ಮತ್ತೆ ನೋಟ್‌ಬುಕ್ ತೆಗೆದು, ಅತಿ ಉದ್ದದ ಪರ್ಮಿಟ್ ಯಾರದು ಎಂದು ಕೇಳಿದರು.

"ಪರ್ಮಿಟ್ಟೇ ಬೇಡದವರು ಒಬ್ಬರು ಒಳಗೆ ಚಹಾ ಮಾಡ್ತಾ ಇದ್ದಾರಲ್ಲ," ಅಂದರು ವಿನಿಫ್ರೆಡ್.

ಉಮಾಶಂಕರ ಅವರು ಅಡುಗೆಮನೆಯ ಬಾಗಿಲನ್ನು ಹೊಸದಾಗಿ ಮೂಡಿದ್ದೆಂಬಂತೆ ನೋಡಿದರು. ಮನೆ ಪಡೆಯುವವಳು ಸಹಿಯನ್ನೇ ಹಾಕಬಾರದು ಎಂದಾದ ಮೇಲೆ ಇದು ಹೇಗೆ ಎಂದು ಕೇಳಿದರು. ಸಾಕ್ಷಿ ಆಗಬಾರದು ಅಷ್ಟೇ, ಎಕ್ಸಿಕ್ಯೂಟರ್ ಆಗಲು ಯಾವ ಅಡ್ಡಿಯೂ ಇಲ್ಲ ಎಂದು ವಿನಿಫ್ರೆಡ್ ಹೇಳಿದರು. ಉಮಾಶಂಕರ ಅವರು ಆಗ ಕನ್ನಡದ ಅರ್ಹತೆಯ ವಿಷಯ ಎತ್ತಿದರು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು, ಚಹಾ ಆರಿ ಹೋಗ್ತಿದೆ, ಎಷ್ಟು ಸಲ ಹೇಳ್ಬೇಕು ಎಂದು. ಮೈಥಿಲಿಯವರ ದನಿಯನ್ನು ನಾನು ಕೇಳಿದವನಲ್ಲ. ಉಮಾಶಂಕರ ಅವರು ಮಾತ್ರ ತಕ್ಷಣ ಎದ್ದು ನಿಂತರು.

ಮುಂದಿನ ಶುಕ್ರವಾರ ವಿನಿಫ್ರೆಡ್ ಅವರ ಆಫೀಸಿನಲ್ಲಿ ಸಹಿ. ಉಯಿಲನ್ನು ಈ ಸಲವೂ ಉಮಾಶಂಕರ ಅವರೇ ಬರೆದು ತಂದಿದ್ದರು. ಸಾಕ್ಷಿಗಳಾಗಿ ಅಲ್ಲಿನ ಗುಮಾಸ್ತ ಮತ್ತು ನಾನು. ಉಯಿಲಿನಲ್ಲಿ ನನಗೆ ಏನಾದರೂ ಕೊಟ್ಟಿದೆಯೇ ಎಂದು ವಿನಿಫ್ರೆಡ್ ಕೇಳಿದರು. ನಾನು ಧಾರಾಳವಾಗಿ ನಕ್ಕು, ಛೇ ಎಂದೆ. ಉಮಾಶಂಕರ ಅವರು ಕೆಮ್ಮಿ, ಏಳನೆಯ ಸಾಲು ನೋಡಿ ಎಂದರು. ಏಳನೆಯ ಸಾಲಿನಲ್ಲಿ, ತಾವು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಳಸಿದ ವರ್ನಿಯರ್ ಕ್ಯಾಲಿಪರ್, ಅಳತೆಯ ಆ ಉಪಕರಣ, ಅಭಯ್‌ಗೆ, ಅಂದರೆ ನನಗೆ, ಎಂದಿತ್ತು. ನನಗಿಂತ ಮೊದಲಿನ ಒಂಬತ್ತು ಎಕ್ಸಿಕ್ಯೂಟರುಗಳಲ್ಲಿ ಯಾರಿಗೂ ಅವರು ಏನನ್ನೂ ಬರೆದಿರಲಿಲ್ಲ. ಬೇರೆ ಸಾಕ್ಷಿ ಹುಡುಕಬಹುದು, ಆದರೆ ಇವತ್ತೇ ಆಗಬೇಕೆಂದರೆ ಆ ಸಾಲು ಹೋಗಬೇಕು ಎಂದರು ವಿನಿಫ್ರೆಡ್. ವಂಬುಯಿ ಗೋಡೆಯ ಬದಿಯ ಬೆಂಚಿನ ಮೇಲೆ, ಚರ್ಚಿಗೆ ಉಡುವ ಉಡುಪಿನಲ್ಲಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಸಾಲು ಹೊಡೆದುಹಾಕಿ ಎಂದೆ. ನನ್ನ ಜೀವನದ ಏಕೈಕ ಪಿತ್ರಾರ್ಜಿತ ಹೀಗೆ ಒಂದೂವರೆ ನಿಮಿಷ ನನ್ನದಾಗಿತ್ತು. ಹೊಸದಾಗಿ ಟೈಪಾದ ಹಾಳೆಗೆ ಸಹಿ ಹಾಕಿದೆ. ಆ ಸಹಿ ಒಮ್ಮೆಗೇ ಸರಿಯಾಗಿ ಬಂತು.

ಭಾನುವಾರ ಹೊಸ ಎಕ್ಸಿಕ್ಯೂಟರಿನ ಟ್ರಯಲ್ ರನ್. ಸಮಯ ಬರೆದುಕೊಳ್ಳಲು ನನ್ನನ್ನು ಕರೆದಿದ್ದರು. ಉಮಾಶಂಕರ ಅವರು ಸೋಫಾದ ಮೇಲೆ ಮಲಗಿ, ಪತ್ರಿಕೆ ಹರಡಿಕೊಂಡು, "ಸತ್ತೆ," ಅಂದರು.

ವಂಬುಯಿ ಮೊದಲು ಅಡುಗೆಮನೆಗೆ ಹೋಗಿ ಹಾಲಿನ ಒಲೆ ಆರಿಸಿದಳು. ಆಮೇಲೆ ಬಂದು ಪತ್ರಿಕೆಯನ್ನು ಸರಿಪಡಿಸಿ, ಅವರ ಕಾಲಿನ ಚಪ್ಪಲಿ ತೆಗೆದು ಸೋಫಾದ ಕೆಳಗೆ ಜೋಡಿಸಿದಳು. ಪಟ್ಟಿಯನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಕೀಲಿ ಎಡಕ್ಕೆ ತಿರುಗಿಸಿದ ತಕ್ಷಣ ಬೀರು ತೆರೆದುಕೊಂಡಿತು. ಫೋನು, ಫೈಲು, ಗೇಟು. ಹನ್ನೊಂದನೆಯ ನಿಮಿಷಕ್ಕೆ ಉಳಿದದ್ದು ಆರನೆಯ ಹೆಜ್ಜೆ ಒಂದೇ. ಅದನ್ನು ಬೇಕೆಂದೇ ಕಡೆಗೆ ಇಟ್ಟುಕೊಂಡಿದ್ದಳು.

ಕೀಲಿ ಕೊಡುವವಳೂ ಅವಳೇ, ತೆಗೆದುಕೊಳ್ಳುವವಳೂ ಅವಳೇ. ಕೈ ಒರೆಸಿಕೊಂಡು ಮೊಳೆಯಿಂದ ತೆಗೆದಳು. ಯಾರಿಗೆ ಎಂದು ಗೊತ್ತಾಗದ ಹಾಗೆ ಒಂದು ಅಸಾಂಟೆ ಹೇಳಿದಳು. ನಾನು ಸ್ಟಾಪ್‌ವಾಚ್ ಒತ್ತಿದೆ. ಅವಳು ಕೆಂಪು ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿ, ಕೀಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿ, ಜೇಬಿಗೆ ಪಿನ್ನು ಚುಚ್ಚಿದಳು.

ಕೀಲಿ ಎಂದಿನಂತೆ ಮೊಳೆಗೆ ತಗಲಿದ ಸದ್ದು ಕೇಳದೆ, ಉಮಾಶಂಕರ ಅವರು ಪತ್ರಿಕೆಯ ಕೆಳಗಿನಿಂದಲೇ ಅದನ್ನು ಕೊಡು ಎಂಬಂತೆ ಕೈ ಚಾಚಿದರು. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

"ಸತ್ತವರು ಕೀಲಿ ಕೇಳ್ಬಾರ್ದು," ಅಂದಳು ವಂಬುಯಿ.

ಕೈ ನಿಧಾನವಾಗಿ ಪತ್ರಿಕೆಯ ಕೆಳಗೆ ಹಿಂತಿರುಗಿತು. ಅವಳು ಹಾಲಿನ ಒಲೆ ಮತ್ತೆ ಹಚ್ಚಲು ಒಳಗೆ ಹೋದಳು.